ಹಳೇ ಎಂಜಿನ್ನಿಗೆ ಟರ್ಬೊ: ಇರಲೋ, ಕಿತ್ತು ಹಾಕಲೋ?

ಹಳೇ ಟ್ರ್ಯಾಕ್ಟರ್ ಕೊಂಡು ತಂದ ಮನೆಯಲ್ಲಿ ಮೊದಲ ಎಂಟು ದಿನ ಹಬ್ಬ. ಒಂಬತ್ತನೇ ದಿನ ಸೈಲೆನ್ಸರಿನಿಂದ ನೀಲಿ ಹೊಗೆ ಎದ್ದಿತೆಂದರೆ ಹಬ್ಬ ಮುಗಿದು ಪಂಚಾಯ್ತಿ ಶುರು.

"ಟರ್ಬೊ ಖಲಾಸ್ ಆಗ್ಯಾದ್ರಿ ಸಾವಕಾರ್ರ. ಕಿತ್ತು ಹಾಕ್ರಿ, ಸಾದಾ ಎಂಜಿನ್ ಮಾಡಿಕೊಡ್ತೀನಿ" ಎನ್ನುತ್ತಾನೆ ಮೆಕ್ಯಾನಿಕ್.

"ಅದು ಐತಿ ಅಂತನ ರೊಕ್ಕ ಹೆಚ್ಚು ಕೊಟ್ಟು ತಂದೀವಲ್ಲಪ್ಪ. ತೆಗೆದ್ರ ಎಳೀತದೇನು ಇದು?" ಎನ್ನುತ್ತಾನೆ ಮಗ.

ಅಪ್ಪನಾದವನು ನಡುವೆ ಕುಂತು ತಲೆ ಕೆರೆದುಕೊಳ್ಳುತ್ತಾನೆ. ಅವನ ಕಣ್ಣ ಮುಂದೆ ಇರುವುದು ಟರ್ಬೊ ಅಲ್ಲ. ಸೊಸೈಟಿ ಸಾಲ, ಫೈನಾನ್ಸಿನ ಕಂತು, ಹದ ಆರುತ್ತಿರುವ ಹೊಲ.

ಬಾಗಲವಾಡ, ಕವಿತಾಳ, ಸಿರವಾರ ಕಡೆಯ ಎರೆ ಹೊಲದ ಊರುಗಳಲ್ಲಿ ಇಂಥ ಪಂಚಾಯ್ತಿ ಹೊಸದಲ್ಲ. ಮಾನ್ವಿ, ದೇವದುರ್ಗ, ರಾಯಚೂರಿನ ಗ್ಯಾರೇಜುಗಳ ಮುಂದೆ ನಿಂತರೂ ಇದೇ ಮಾತು ಕಿವಿಗೆ ಬೀಳುತ್ತದೆ. ಹೊಸ ಟ್ರ್ಯಾಕ್ಟರಿನ ಬೆಲೆ ಕೇಳಿ ಬೆಚ್ಚಿಬಿದ್ದವರು ಏಜೆಂಟರ ಹಿಂದೆ ತಿರುಗಿ ಮೂರನೇ ಕೈ, ನಾಲ್ಕನೇ ಕೈ ದಾಟಿದ ಗಾಡಿ ತರುತ್ತಾರೆ. ಅದರ ಮೇಲೆ 'ಟರ್ಬೊ' ಎಂದು ಕೆಂಪಕ್ಷರದಲ್ಲಿ ಬರೆದಿದ್ದರೆ ಏಜೆಂಟ ಅದಕ್ಕೂ ಒಂದು ರೇಟು ಹಚ್ಚಿರುತ್ತಾನೆ.

ಇದರಲ್ಲಿ ಪೇಟೆಯವರಿಗೇನು ಸಂಬಂಧ ಎನ್ನುವಂತಿಲ್ಲ. ಹಂಗಾಮಿನಲ್ಲಿ ಒಂದು ಟ್ರ್ಯಾಕ್ಟರ್ ಹದಿನೈದು ದಿನ ನಿಂತರೆ ಗೊಬ್ಬರದಂಗಡಿಯ ಉದ್ದರಿ ವಹಿಯಲ್ಲಿ ಒಂದು ಪುಟ ಮುಂದಿನ ಸುಗ್ಗಿಗೆ ಹಾರುತ್ತದೆ. ಅದರ ಹಿಂದೆ ಕಿರಾಣಿ ಅಂಗಡಿ, ಬಟ್ಟೆ ಅಂಗಡಿ ಸಾಲಾಗಿ ಕಾಯಬೇಕು. ಇನ್ನು ಬಸ್ಸಿನ ಕಿಟಕಿ ಪಕ್ಕ ಕೂತು ಓಡಾಡುವವರಿಗೆ ಮುಂದಿನ ಟ್ರ್ಯಾಕ್ಟರ್ ಉಗುಳುವ ಕರಿ ಹೊಗೆಯ ರುಚಿ ಹೇಳಿಕೊಡಬೇಕಿಲ್ಲ.

ಹಾಗಾದರೆ ಮೆಕ್ಯಾನಿಕ್ಕಿನ ಮಾತು ಖರೆಯೋ, ಮಗನ ಮಾತು ಖರೆಯೋ? ಇಬ್ಬರದೂ ಅರ್ಧ ಖರೆ. ಆದರೆ ಎಂಜಿನ್ ಹಾಳಾಗುವುದು ಈ ಅರ್ಧ ಖರೆಯಿಂದಲೇ.

ತಿದಿ ಒತ್ತಿದರೆ ಬೆಂಕಿ

ಕಮ್ಮಾರನ ಕುಲುಮೆ ನೋಡಿದವರಿಗೆ ಟರ್ಬೊ ತಿಳಿಸುವುದು ಕಷ್ಟವಲ್ಲ. ಇದ್ದಲು ಅಷ್ಟೇ ಇದ್ದರೂ ತಿದಿ ಒತ್ತಿದರೆ ಬೆಂಕಿ ಕೆರಳುತ್ತದೆ, ಕಬ್ಬಿಣ ಮೆತ್ತಗಾಗುತ್ತದೆ. ಎಂಜಿನ್ನಿನ ಕಥೆಯೂ ಇದೇ. ಒಂದು ಕಿಲೊ ಡೀಸೆಲ್ ಪೂರ್ತಿ ಉರಿಯಬೇಕಾದರೆ ಕಡಿಮೆಯೆಂದರೂ ಹದಿನಾಲ್ಕೂವರೆ ಕಿಲೊ ಗಾಳಿ ಬೇಕು. ಸಾದಾ ಎಂಜಿನ್ ತನ್ನ ಪಿಸ್ಟನ್ ಎಳೆದಷ್ಟು ಗಾಳಿಯನ್ನೇ ಕುಡಿಯುತ್ತದೆ. ಅದೇ ಎಂಜಿನ್ನಿಗೆ ಗಾಳಿ ಒತ್ತಿ ತುಂಬಿದರೆ ಹೆಚ್ಚು ಡೀಸೆಲ್ ಉರಿಸಬಹುದು, ಹೆಚ್ಚು ಬಲ ತೆಗೆಯಬಹುದು. ಎಂಜಿನ್ ದೊಡ್ಡದಾಗದೆ ಬಲ ದೊಡ್ಡದಾಗುತ್ತದೆ.

ಈ ತಿದಿಯಲ್ಲಿ ಎರಡು ಜಾತಿ. ಒಂದು ಸೂಪರ್‌ಚಾರ್ಜರ್. ಇದನ್ನು ಬೆಲ್ಟೋ ಗೇರೋ ಹಾಕಿ ಎಂಜಿನ್ನೇ ತಿರುಗಿಸಬೇಕು. ಅಂದರೆ ತಿದಿ ಒತ್ತುವ ಕೂಲಿಯನ್ನು ಎಂಜಿನ್ ತನ್ನ ಬಲದಿಂದಲೇ ಕೊಡಬೇಕು. ಇನ್ನೊಂದು ಟರ್ಬೊ. ಸೈಲೆನ್ಸರಿಗೆ ಹೋಗಿ ವ್ಯರ್ಥವಾಗುವ ಬಿಸಿ ಹೊಗೆಯೇ ಇದರ ಚಕ್ರ ತಿರುಗಿಸುತ್ತದೆ. ಅದೇ ದಂಡಿಗೆಯ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒಳಗೆ ಒತ್ತುತ್ತದೆ. ಗಾಳಿ ಒತ್ತುವ ಯಂತ್ರಕ್ಕೆ ಅಮೆರಿಕದ ರೂಟ್ಸ್ ಸಹೋದರರು 1860ರಲ್ಲೇ ಪೇಟೆಂಟ್ ಪಡೆದಿದ್ದರು. ಆಗ ಅದು ಬಳಕೆಯಾದದ್ದು ಗಾಡಿಗಲ್ಲ, ಕಬ್ಬಿಣದ ಕುಲುಮೆಗೆ, ಗಣಿಯೊಳಗೆ ಗಾಳಿ ಕಳಿಸಲಿಕ್ಕೆ. ಗಣಿಗೆ ಗಾಳಿ ಯಾಕೆ ಎಂದು ಹಟ್ಟಿ ಚಿನ್ನದ ಗಣಿ ಇರುವ ಜಿಲ್ಲೆಯವರು ಕೇಳಲಿಕ್ಕಿಲ್ಲ. ಹೊಗೆಯಿಂದ ತಿರುಗುವ ಟರ್ಬೊದ ಪೇಟೆಂಟ್ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿಯದು, 1905ರದು.

ನಮ್ಮ ಸೀಮೆಯ ಟ್ರ್ಯಾಕ್ಟರ್, ಲಾರಿ, ಸಾರಿಗೆ ಬಸ್ಸುಗಳಲ್ಲಿ ಇರುವುದು ಈ ಎರಡನೇ ಜಾತಿ.

ಉಸಿರೋ, ಒಡವೆಯೋ?

ಇರಲೋ ತೆಗೆಯಲೋ ಎಂಬ ಪ್ರಶ್ನೆ ಟ್ರ್ಯಾಕ್ಟರಿನವರದೊಂದೇ ಅಲ್ಲ. ಹೊರದೇಶದಲ್ಲಿ ಹಳೇ ಮೋಟಾರು ದೋಣಿಯ ಎಂಜಿನ್ ಕೊಂಡವರೂ ಇದೇ ಪ್ರಶ್ನೆ ಹಿಡಿದು ಕೂರುತ್ತಾರೆ. ದೋಣಿಯ ಉದಾಹರಣೆ ಇಲ್ಲಿ ಚೆನ್ನಾಗಿ ಒಪ್ಪುತ್ತದೆ.

ಅಮೆರಿಕದ ಜನರಲ್ ಮೋಟಾರ್ಸ್ 1938ರಲ್ಲಿ ತಂದ '71' ಸರಣಿಯ ಡೀಸೆಲ್ ಎಂಜಿನ್ ಎರಡು ಸ್ಟ್ರೋಕಿನದು. ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನು ದಡಕ್ಕೆ ಇಳಿಸಿದ ಹಿಗಿನ್ಸ್ ದೋಣಿಗಳಲ್ಲಿ ದುಡಿದದ್ದು ಇದೇ ವಂಶದ ಎಂಜಿನ್. ಇದರ ಪಿಸ್ಟನ್ನು ತಾನಾಗಿ ಗಾಳಿ ಎಳೆದುಕೊಳ್ಳಲಾರದು. ಪಕ್ಕದಲ್ಲಿ ಕೂತ ಬ್ಲೋವರ್ ಗಾಳಿ ನೂಕಬೇಕು. ಹಳೆಯ ಹೊಗೆ ಹೊರಹೋಗುವುದೂ ಆ ಗಾಳಿಯ ಒತ್ತಡದಿಂದಲೇ. ಬ್ಲೋವರ್ ತೆಗೆದರೆ ಎಂಜಿನ್ನಿನ ಬಲ ಕಡಿಮೆಯಾಗುವುದಿಲ್ಲ, ಎಂಜಿನ್ ಶುರುವಾಗುವುದೇ ಇಲ್ಲ. ಅಲ್ಲಿ ಬ್ಲೋವರ್ ಅಂದರೆ ಉಸಿರು.

ಆದರೆ ಪಂದ್ಯಕ್ಕೆಂದು ಪೆಟ್ರೋಲ್ ಎಂಜಿನ್ನಿನ ನೆತ್ತಿಗೆ ಕೂಡಿಸಿದ ಸೂಪರ್‌ಚಾರ್ಜರ್ ಬೇರೆ ಮಾತು. ಅದಿಲ್ಲದೆಯೂ ಆ ಎಂಜಿನ್ ಸರಿಯಾಗಿ ಹೊಂದಿಸಿದರೆ ನಡೆಯುತ್ತದೆ, ವೇಗ ಅಷ್ಟಕ್ಕಷ್ಟೇ. ಅಲ್ಲಿ ಅದು ಒಡವೆ. ಒಡವೆ ಬೇಕಾದವರು ಅದರ ಖರ್ಚು ಹೊರಬೇಕು.

ಕೊಂಡವನು ಮೊದಲು ಕೇಳಬೇಕಾದ ಪ್ರಶ್ನೆ ಇದೇ: ತನ್ನ ಎಂಜಿನ್ನಿಗೆ ಟರ್ಬೊ ಉಸಿರೋ, ಒಡವೆಯೋ?

ನಮ್ಮ ಟ್ರ್ಯಾಕ್ಟರುಗಳದು ಇವೆರಡರ ನಡುವಿನ ಸ್ಥಿತಿ. ಉದಾಹರಣೆಗೆ ಮಹೀಂದ್ರ 595 ಡಿಐ ಟರ್ಬೊ. ಕಂಪನಿಯೇ ಟರ್ಬೊ ಕೂಡಿಸಿ ಬಿಟ್ಟ ಗಾಡಿ. ಇಂಥ ಎಂಜಿನ್ನಿನ ಡೀಸೆಲ್ ಪಂಪು ಎಷ್ಟು ಎಣ್ಣೆ ಚೆಲ್ಲಬೇಕು ಎಂಬುದನ್ನು ಟರ್ಬೊ ಕೊಡುವ ಗಾಳಿ ನೋಡಿಯೇ ಕಂಪನಿ ಗೊತ್ತು ಮಾಡಿರುತ್ತದೆ. ಟರ್ಬೊ ಇಲ್ಲದೆ ಇದು ಶುರುವಾಗುತ್ತದೆ, ನಡೆಯುತ್ತದೆ. ಆದರೆ ಮೊದಲಿನ ಎಂಜಿನ್ ಆಗಿ ಉಳಿಯುವುದಿಲ್ಲ. ಇನ್ನು 50 ಎಚ್‌ಪಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ 2023ರ ಜನವರಿ 1ರಿಂದ ಟ್ರೆಮ್ 4 ಎಂಬ ಹೊಗೆ ನಿಯಮ ಬಂದಿದೆ. ಇಂಥ ಹೊಸ ಗಾಡಿಗಳಲ್ಲಿ ಡೀಸೆಲ್ ಅಳೆಯುವುದು ಕಂಪ್ಯೂಟರು. ಅಲ್ಲಿ ಟರ್ಬೊ ಕೀಳುವ ಮಾತೇ ಆಡಬಾರದು.

ಹೋಗಿದ್ದು ಟರ್ಬೊನೇ ಹೌದೇನು?

ಕಿತ್ತು ಹಾಕುವ ಮೊದಲು ಇದನ್ನು ನೋಡುವವರು ಕಡಿಮೆ. ಎಂಜಿನ್ ಎಳೆಯುತ್ತಿಲ್ಲ, ಕರಿ ಹೊಗೆ ಬರುತ್ತಿದೆ ಎಂದರೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಏರ್ ಕ್ಲೀನರಿನಲ್ಲಿ ಧೂಳು ತುಂಬಿರಬಹುದು. ಟರ್ಬೊದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪು ಸೀಳಿರಬಹುದು, ಇಲ್ಲವೇ ಅದರ ಪಟ್ಟಿ ಸಡಿಲಾಗಿರಬಹುದು. ಪಟ್ಟಿ ಬಿಗಿ ಮಾಡಿದರೆ ಮುಗಿಯುವ ಕೆಲಸಕ್ಕೆ ಟರ್ಬೊ ಬಲಿಯಾದದ್ದುಂಟು.

ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಅದು ಟರ್ಬೊದ ಸೀಲು ದಾಟಿ ಬಂದಿರಬಹುದು. ಪಿಸ್ಟನ್ ರಿಂಗು ಸವೆದರೂ ಇದೇ ನೀಲಿ ಹೊಗೆ. ರಿಂಗು ಸವೆದ ಎಂಜಿನ್ನಿನ ಟರ್ಬೊ ಕಿತ್ತರೆ ಹಲ್ಲು ನೋವಿಗೆ ಕಿವಿ ಕೊಯ್ದಂತಾಯಿತು. ಗಾಳಿ ಪೈಪು ಬಿಚ್ಚಿ ಒಳಗೆ ಆಯಿಲ್ ನಿಂತಿದೆಯೇ ನೋಡಬೇಕು. ಎಂಜಿನ್ ಬಂದ್ ಮಾಡಿ, ತಣ್ಣಗಾದ ಮೇಲೆ ಟರ್ಬೊದ ಚಕ್ರವನ್ನು ಬೆರಳಿನಿಂದ ತಿರುಗಿಸಿ, ಅಲುಗಾಡಿಸಿ ನೋಡಬೇಕು. ಚಕ್ರ ಪಕ್ಕದ ಗೋಡೆಗೆ ತಾಗುತ್ತಿದ್ದರೆ, ರೆಕ್ಕೆ ಮುಕ್ಕಾಗಿದ್ದರೆ ಆಗ ಅದು ಟರ್ಬೊದ್ದೇ ತಪ್ಪು.

ಅಂಥ ಟರ್ಬೊ ಇಟ್ಟುಕೊಂಡು ಹಂಗಾಮು ಮುಗಿಸೋಣ ಎನ್ನುವುದು ಮಾತ್ರ ಅಪಾಯ. ಸೀಲು ಪೂರ್ತಿ ಹರಿದರೆ ಎಂಜಿನ್ ತನ್ನ ಆಯಿಲನ್ನೇ ಡೀಸೆಲ್ಲಿನ ಹಾಗೆ ಕುಡಿದು ಹುಚ್ಚೆದ್ದು ಓಡುತ್ತದೆ. ಚಾವಿ ತಿರುಗಿಸಿದರೂ ನಿಲ್ಲುವುದಿಲ್ಲ, ಡೀಸೆಲ್ ನಿಲ್ಲಿಸಿದರೂ ನಿಲ್ಲುವುದಿಲ್ಲ. ಗಾಳಿಯ ಬಾಯಿ ಮುಚ್ಚಬೇಕು, ಅದೂ ಗಟ್ಟಿ ಹಲಗೆಯಿಂದ. ಅಂಗೈ, ಟವೆಲ್ಲು ಹಿಡಿದು ಹೋಗಬಾರದು, ಎಂಜಿನ್ ಅದನ್ನೂ ಎಳೆದುಕೊಳ್ಳುತ್ತದೆ.

ಅರ್ಧ ಕಿತ್ತವರ ಪಾಡು

"ಟರ್ಬೊ ಕಿತ್ತು ಪೈಪ್ ಕೂಡಿಸಿಬಿಟ್ರ ಮುಗೀತು" ಎನ್ನುವ ಮೆಕ್ಯಾನಿಕ್ಕಿನ ಕೆಲಸ ಅರ್ಧಕ್ಕೇ ನಿಂತಿರುತ್ತದೆ. ಗಾಳಿ ಕಡಿಮೆಯಾಯಿತು, ಡೀಸೆಲ್ ಮಾತ್ರ ಮೊದಲಿನಷ್ಟೇ ಬೀಳುತ್ತಿದೆ. ಉರಿಯದೆ ಉಳಿದದ್ದು ಕರಿ ಹೊಗೆಯಾಗಿ ಬಸ್ಸಿನವರ ಮೂಗಿಗೆ ಬರುತ್ತದೆ. ಅಷ್ಟೇ ಆಗಿದ್ದರೆ ಮೂಗು ಮುಚ್ಚಿಕೊಳ್ಳಬಹುದಿತ್ತು. ಒಳಗೆ ಕಾವು ಏರುತ್ತದೆ, ಲೈನರಿನ ಗೋಡೆಗೆ ಹಚ್ಚಿದ ಆಯಿಲನ್ನು ಹಸಿ ಡೀಸೆಲ್ ತೊಳೆಯುತ್ತದೆ, ರಿಂಗು ಸವೆಯುತ್ತದೆ. ಟರ್ಬೊ ರಿಪೇರಿ ಉಳಿಸಲು ಹೋದವನು ಇಡೀ ಎಂಜಿನ್ ಬಿಚ್ಚಿಸಬೇಕಾಗುತ್ತದೆ.

ಲೆಕ್ಕ ಹಾಕಿ ನೋಡೋಣ. ಗಂಟೆಗೆ ಅರ್ಧ ಲೀಟರ್ ಡೀಸೆಲ್ ಸುಮ್ಮನೆ ಹೊಗೆಯಾಗಿ ಹೋಯಿತೆಂದು ಹಿಡಿಯಿರಿ. ದಿನಕ್ಕೆ 8 ಗಂಟೆ, 25 ದಿನದ ಕೆಲಸ. 100 ಲೀಟರ್ ಆಯಿತು. ಲೀಟರಿಗೆ 90 ರೂಪಾಯಿ ಹಿಡಿದರೂ 9,000 ರೂಪಾಯಿ. ಒಂದು ಹಂಗಾಮಿಗೆ ಇಷ್ಟು. ಟರ್ಬೊ ಕಿತ್ತು ಉಳಿಸಿದ ರೊಕ್ಕ ಎಲ್ಲಿ ಹೋಯಿತು?

ತೆಗೆಯಲೇಬೇಕು ಎನ್ನುವವರು ಪೂರ್ತಿ ತೆಗೆಯಬೇಕು. ಟರ್ಬೊಕ್ಕೆ ಆಯಿಲ್ ಬರುವ ದಾರಿ, ವಾಪಸ್ ಹೋಗುವ ದಾರಿ ಎರಡನ್ನೂ ಸರಿಯಾಗಿ ಮುಚ್ಚಬೇಕು. ಪಂಪನ್ನು ಕ್ಯಾಲಿಬ್ರೇಷನ್ ಮಾಡುವವರಲ್ಲಿಗೆ ಒಯ್ದು ಡೀಸೆಲ್ ಇಳಿಸಿಕೊಂಡು ಬರಬೇಕು. ಟರ್ಬೊ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಪಿಸ್ಟನ್ ಗಾಳಿ ಹಿಂಡುವ ಪ್ರಮಾಣವನ್ನು ಕಂಪನಿಯವರು ಸ್ವಲ್ಪ ಕಡಿಮೆ ಇಟ್ಟಿರುತ್ತಾರೆ. ಹಾಗಾಗಿ ಎಷ್ಟು ತಿದ್ದಿದರೂ ಹುಟ್ಟಾ ಸಾದಾ ಎಂಜಿನ್ನಿನ ಸಮಕ್ಕೆ ಬಾರದು. ಟರ್ಬೊ ಕೊಟ್ಟಿದ್ದ ಬಲ ಹೋಯಿತೆಂದೇ ತಿಳಿದು ರೂಟರ್, ನೇಗಿಲು ಸಣ್ಣದು ಕಟ್ಟಬೇಕು. ಇಷ್ಟಕ್ಕೆ ಒಪ್ಪಿದರೆ ಆ ಎಂಜಿನ್ನೂ ಬದುಕುತ್ತದೆ, ಮಾಲೀಕನೂ ಬದುಕುತ್ತಾನೆ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರ, ಆರ್‌ಸಿ ಪುಸ್ತಕದ ವಿವರ ತಾಳೆ ತಪ್ಪುವಂತೆ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನೇ ಒತ್ತಿ ಹೇಳಿದೆ. ಹೊಲದಲ್ಲಿ ಯಾರೂ ಕೇಳಲಿಕ್ಕಿಲ್ಲ. ರಸ್ತೆಯಲ್ಲಿ ಅಪಘಾತವಾಗಿ ವಿಮೆಯ ಸಾಹೇಬರು ಬಂದ ದಿನ ಕೇಳುತ್ತಾರೆ.

ಉಳಿಸಿಕೊಂಡರೆ ಸಾಕಬೇಕು

ಟರ್ಬೊ ಇರಲಿ ಎನ್ನುವ ಮಗನ ಮಾತಿಗೂ ಬೆಲೆ ತೆರಬೇಕು. ಎತ್ತು ಕಟ್ಟಿದವನು ಮೇವು ಹಾಕಬೇಕಲ್ಲ, ಹಾಗೆ. ಟರ್ಬೊದ ದಂಡಿಗೆ ನಿಮಿಷಕ್ಕೆ ಲಕ್ಷ ಸುತ್ತಿನ ಲೆಕ್ಕದಲ್ಲಿ ತಿರುಗುವ ವಸ್ತು. ಅದನ್ನು ಎತ್ತಿ ಹಿಡಿದಿರುವುದು ಎಂಜಿನ್ ಆಯಿಲಿನ ತೆಳು ಪೊರೆ, ಅಷ್ಟೇ. ಆಯಿಲ್ ಕೊಳೆಯಾದರೆ, ಕಡಿಮೆಯಾದರೆ ಎಲ್ಲಕ್ಕಿಂತ ಮುಂಚೆ ಸಾಯುವುದು ಟರ್ಬೊ. 'ಇನ್ನೊಂದು ಹಂಗಾಮು ನಡೀಲಿ ಬಿಡು' ಎಂದು ಹಳೇ ಆಯಿಲಿನಲ್ಲೇ ಓಡಿಸುವವರು ಟರ್ಬೊ ಇಟ್ಟುಕೊಳ್ಳದಿರುವುದೇ ಲೇಸು.

ಎರಡನೆಯದು ಧೂಳು. ಬೇಸಿಗೆಯಲ್ಲಿ ಎರೆ ಹೊಲ ರೂಟರ್ ಹೊಡೆಯುವಾಗ ಏಳುವ ಧೂಳಿನಲ್ಲಿ ಗಾಡಿಯೇ ಕಾಣುವುದಿಲ್ಲ. ಲಕ್ಷ ಸುತ್ತು ತಿರುಗುವ ರೆಕ್ಕೆಗೆ ಒಂದು ಹರಳು ಬಡಿದರೆ ಅದು ಗುಂಡೇಟು. ಏರ್ ಕ್ಲೀನರನ್ನು ವಾರಕ್ಕೊಮ್ಮೆ ನೋಡುತ್ತೇನೆ ಎನ್ನುವುದು ಬಸ್ಸಿಗೆ ಸರಿ ಹೋದೀತು, ರೂಟರ್ ಹೊಡೆಯುವ ಟ್ರ್ಯಾಕ್ಟರಿಗಲ್ಲ. ಅದಕ್ಕೆ ದಿನಾ ನೋಡಬೇಕು.

ಮೂರನೆಯದು ತಾಳ್ಮೆ. ಭಾರ ಎಳೆದು ಕಾದ ಎಂಜಿನ್ನನ್ನು ಫಟ್ಟನೆ ಬಂದ್ ಮಾಡಿದರೆ ಟರ್ಬೊದಲ್ಲಿ ಆಯಿಲ್ ನಿಂತಲ್ಲೇ ಸುಟ್ಟು ಕರಿಯಾಗುತ್ತದೆ. ಬಂದ್ ಮಾಡುವ ಮೊದಲು ಎರಡು ಮೂರು ನಿಮಿಷ ನಿಧಾನ ಓಡಲು ಬಿಡಬೇಕು. ದೂರದಿಂದ ಬಂದು ಸ್ಟ್ಯಾಂಡಿನಲ್ಲಿ ನಿಂತ ಬಸ್ಸಿನ ಎಂಜಿನ್ ಆಮೇಲೂ ಸ್ವಲ್ಪ ಹೊತ್ತು ಗುರುಗುಟ್ಟುವುದು ಯಾಕೆ ಎಂದು ಗೊಣಗುವವರಿಗೂ ಇದರಲ್ಲಿ ಉತ್ತರವಿದೆ. ಡ್ರೈವರ್ ಡೀಸೆಲ್ ಹಾಳು ಮಾಡುತ್ತಿಲ್ಲ, ಟರ್ಬೊ ಉಳಿಸುತ್ತಿದ್ದಾನೆ.

ಇನ್ನು ಯಾವ ಕೆಲಸಕ್ಕೆ ಎಂಬುದೂ ಮುಖ್ಯ. ರಸ್ತೆಯ ಗಾಡಿಗೆ ಇಳಿಜಾರಿನಲ್ಲಿ ವಿಶ್ರಾಂತಿ ಸಿಗುತ್ತದೆ. ದೋಣಿಗೆ ಇಳಿಜಾರಿಲ್ಲ, ನೀರನ್ನು ಕ್ಷಣ ಬಿಡದೆ ತಳ್ಳುತ್ತಲೇ ಇರಬೇಕು. ಕಾಲುವೆ ದಂಡೆಯಲ್ಲಿ ಪಂಪಿಗೆ ಜೋಡಿಸಿ ರಾತ್ರಿಯಿಡೀ ಓಡಿಸುವ ಟ್ರ್ಯಾಕ್ಟರಿನ ಪಾಡೂ ದೋಣಿಯದೇ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದವರಿಗೆ ಇದು ತಿಳಿದ ಕಷ್ಟ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದ ಸುದ್ದಿ ಕೇಳಿ ಮಾನ್ವಿ ಸೀಮೆಯವರ ಎದೆ ಧಸಕ್ಕೆಂದದ್ದು ಸುಮ್ಮನೆ ಅಲ್ಲ. ಬಂದ ಒಂದು ಸರದಿ ನೀರನ್ನು ಎತ್ತುವ ರಾತ್ರಿ ಎಂಜಿನ್ ನಿಂತರೆ ಬೆಳೆ ಹೋಯಿತು. 2019ರ ಆಗಸ್ಟಿನ ಕೃಷ್ಣಾ ಪ್ರವಾಹದಲ್ಲಿ ರಕ್ಷಣೆಯ ಮೋಟಾರು ದೋಣಿಗಳನ್ನು ಕಂಡವರಿಗೆ ಗೊತ್ತು: ನಡು ಹೊಳೆಯಲ್ಲಿ ಬೇಕಾದದ್ದು ಜೋರಾಗಿ ಓಡುವ ಎಂಜಿನ್ ಅಲ್ಲ, ನಿಲ್ಲದೆ ಓಡುವ ಎಂಜಿನ್. ಪಂಪಿನ ಕೆಲಸಕ್ಕೂ ಇದೇ ಮಾತು. ಟರ್ಬೊ ಇದ್ದರೂ ಪೂರ್ತಿ ಎಕ್ಸಲೇಟರ್ ಕೊಡದೆ ಮುಕ್ಕಾಲು ಬಲದಲ್ಲಿ ದುಡಿಸಿದರೆ ಎಂಜಿನ್ ಬಾಳುತ್ತದೆ.

ಎಳೆಯುವುದಕ್ಕೆ ಟರ್ಬೊ, ನಿಲ್ಲಿಸುವುದಕ್ಕೆ?

ಈಚೆಗೆ ಇನ್ನೊಂದು ಚಟ. ಸಾದಾ ಎಂಜಿನ್ನಿಗೆ ಗುಜರಿಯಿಂದ ಟರ್ಬೊ ತಂದು ಕೂಡಿಸುವುದು, ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸುವುದು. ಟ್ರ್ಯಾಕ್ಟರ್ ಕರಿ ಹೊಗೆ ಉಗುಳಿ ಮುನ್ನುಗ್ಗಿದರೆ ಹುಡುಗರು ಶಿಳ್ಳೆ ಹೊಡೆಯುತ್ತಾರೆ. ಆದರೆ ಆ ಎಂಜಿನ್ನಿನ ಪಿಸ್ಟನ್, ಗ್ಯಾಸ್ಕೆಟ್, ಕ್ಲಚ್, ಗೇರ್ ಬಾಕ್ಸು ಯಾವುದೂ ಆ ಬಲಕ್ಕೆಂದು ಮಾಡಿದ್ದಲ್ಲ. ಬಡಕಲು ಎತ್ತಿಗೆ ಬಾರುಕೋಲು ಕೊಟ್ಟು ಓಡಿಸಿದಂತೆ. ಓಡುತ್ತದೆ, ಆಮೇಲೆ ಬೀಳುತ್ತದೆ.

ಅದಕ್ಕಿಂತ ದೊಡ್ಡ ಮಾತು ಬ್ರೇಕಿನದು. ಟರ್ಬೊ ಎಳೆಯುವ ಬಲ ಹೆಚ್ಚಿಸುತ್ತದೆ, ನಿಲ್ಲಿಸುವ ಬಲವನ್ನಲ್ಲ. ನಮ್ಮ ಟ್ರಾಲಿಗಳಲ್ಲಿ ಬಹುಪಾಲಿಗೆ ಬ್ರೇಕೇ ಇಲ್ಲ. ಎಳೀತದ ಅಂತ ಇನ್ನಷ್ಟು ಭತ್ತದ ಚೀಲ, ಇನ್ನಷ್ಟು ಹತ್ತಿ ಹೇರಿದರೆ ಇಳಿಜಾರಿನಲ್ಲಿ ಆ ಭಾರವೇ ಟ್ರ್ಯಾಕ್ಟರನ್ನು ನೂಕುತ್ತದೆ. ಅದೇ ಟ್ರಾಲಿಯಲ್ಲಿ ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳನ್ನು ಕೂಡಿಸುತ್ತಾರೆ. ಮಾಲೀಕನ ಟರ್ಬೊ ಲೆಕ್ಕದಲ್ಲಿ ಅವರ ಹೆಸರು ಎಲ್ಲೂ ಬರುವುದಿಲ್ಲ, ಅಪಘಾತದ ಸುದ್ದಿಯಲ್ಲಿ ಮಾತ್ರ ಬರುತ್ತದೆ. ಬಲ ಹೆಚ್ಚಿಸುವ ಮೊದಲು ಬ್ರೇಕು ನೋಡಿಕೊಳ್ಳದವನಿಗೆ ಟರ್ಬೊ ಇಟ್ಟುಕೊಳ್ಳುವ ಹಕ್ಕಿಲ್ಲ.

ತೀರ್ಮಾನ ಯಾರದು?

ಒಟ್ಟು ಲೆಕ್ಕ ಇಷ್ಟೇ. ಕಂಪನಿ ಕೂಡಿಸಿದ ಟರ್ಬೊ ಇರಲಿ, ಆಯಿಲು, ಏರ್ ಕ್ಲೀನರು, ಎರಡು ನಿಮಿಷದ ತಾಳ್ಮೆ ಮೂರನ್ನೂ ಕೊಡುವವರಿಗೆ. ಕೆಟ್ಟರೆ ಒಳಗಿನ ಕೋರ್ ಬದಲಿಸಿ, ಅಗ್ಗದ ಡೂಪ್ಲಿಕೇಟ್ ಬೇಡ. ಸಾಕಲಾರದವರು ಪಂಪು ತಿದ್ದಿಸಿ, ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಬಲ ಕಡಿಮೆಯಾದದ್ದು ಒಪ್ಪಿಕೊಂಡು ಪೂರ್ತಿ ತೆಗೆಯಲಿ. ಸಾದಾ ಎಂಜಿನ್ ಇದ್ದವರು ಅದನ್ನು ಸಾದಾ ಆಗಿಯೇ ಬಿಡಲಿ. ಅರ್ಧಂಬರ್ಧ ಕೆಲಸ ಮಾತ್ರ ಯಾರಿಗೂ ಬೇಡ.

ಆದರೆ ಇಷ್ಟು ಲೆಕ್ಕ ಹಾಕಿ ಕೊಡುವವರು ಬಾಗಲವಾಡದ ರೈತನಿಗೆ ಎಲ್ಲಿ ಸಿಗಬೇಕು? ಮಾರುವ ಏಜೆಂಟ ಬಾಯಿ ಬಿಡುವುದಿಲ್ಲ. ಮೆಕ್ಯಾನಿಕ್ ತನಗೆ ಬರುವ ಕೆಲಸವನ್ನಷ್ಟೇ ಹೇಳುತ್ತಾನೆ. ಅವನನ್ನೂ ದೂರಿ ಫಲವಿಲ್ಲ, ಅವನಿಗೆ ಕಲಿಸಿದವರು ಯಾರು? ರಾಯಚೂರಿನಲ್ಲಿ 2009ರಿಂದ ಕೃಷಿ ವಿಶ್ವವಿದ್ಯಾಲಯವಿದೆ, ಅದರ ಕೈಕೆಳಗೆ ಕೃಷಿ ಎಂಜಿನಿಯರಿಂಗ್ ಕಾಲೇಜಿದೆ. ಕೃಷಿ ಮೇಳದಲ್ಲಿ ಹೊಸ ಯಂತ್ರಗಳನ್ನು ಸಾಲಾಗಿ ನಿಲ್ಲಿಸಿ ತೋರಿಸುತ್ತಾರೆ. ಜನ ನೋಡಿ, ಬೆಲೆ ಕೇಳಿ, ಮನೆಗೆ ಬಂದು ಹಳೇದನ್ನೇ ಕೊಳ್ಳುತ್ತಾರೆ. ಹಳೇ ಯಂತ್ರಕ್ಕೂ ಒಂದು ದಿನ ಮೀಸಲಿಡಬಾರದೇ? ಬಿತ್ತನೆಗೆ ಮುಂಚೆ ಮಾನ್ವಿ, ದೇವದುರ್ಗ, ಸಿರವಾರಗಳಲ್ಲಿ ಒಂದೊಂದು ದಿನ ಹಳೇ ಟ್ರ್ಯಾಕ್ಟರ್ ತಪಾಸಣೆ ಶಿಬಿರ ನಡೆಸಿ, ಗ್ಯಾರೇಜಿನ ಹುಡುಗರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದರೆ ಸರಕಾರದ ಬೊಕ್ಕಸವೇನೂ ಬರಿದಾಗದು. ಕೊಳ್ಳುವವನ ಕೈಗೆ 'ಈ ಎಂಜಿನ್ ಹೀಗಿದೆ' ಎಂಬ ಒಂದು ಚೀಟಿ ಸಿಕ್ಕರೂ ಸಾಕು, ಏಜೆಂಟನ ಬಾಯಿ ಅರ್ಧ ಕಟ್ಟುತ್ತದೆ.

ಸಂಬಂಧಪಟ್ಟವರು ಇತ್ತ ಗಮನ ಹರಿಸಲಿ. ಅಲ್ಲಿಯವರೆಗೆ ಕೊಳ್ಳುವವರು ಕೆಂಪಕ್ಷರದ 'ಟರ್ಬೊ' ನೋಡಿ ರೊಕ್ಕ ಎಣಿಸುವ ಮೊದಲು ಗಾಳಿ ಪೈಪು ಬಿಚ್ಚಿಸಿ ಒಳಗೆ ಕೈಬೆರಳು ಆಡಿಸಿ ನೋಡಲಿ. ಬೆರಳಿಗೆ ಆಯಿಲ್ ಹತ್ತಿದರೆ ಸೌದಾ ಅಲ್ಲಿಗೇ ನಿಲ್ಲಿಸಲಿ.